ಬೋಣಿಗೆ ಕೊಂಡ ಶೂ

ಕೇಳಿದ ಬೆಲೆ ಕೊಟ್ಟು ನಾನು ಜೀವನದಲ್ಲಿ ಏನನ್ನೂ ಕೊಂಡವನಲ್ಲ. ತಳ್ಳುಗಾಡಿಯ ಮೇಲೆ ಪ್ಲಾಸ್ಟಿಕ್ ಬಿಂದಿಗೆ ಪೇರಿಸಿಕೊಂಡು ಹೆಬ್ಬಾಳದಿಂದ ಯಲಹಂಕದವರೆಗೆ ಕೂಗುತ್ತಾ ಹೋಗುತ್ತಿದ್ದವನು ಇವತ್ತು ಬ್ಯಾಟರಾಯನಪುರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದೇನೆ ಎಂದರೆ ಅದಕ್ಕೆ ಕಾರಣ ಚೌಕಾಶಿ. ನಮ್ಮ ಬೀದಿಯಲ್ಲಿ ಯಾರೇ ಫ್ರಿಜ್ಜು, ಮಂಚ, ಹಳೇ ಸ್ಕೂಟರ್ ಕೊಳ್ಳಬೇಕಾದರೂ ಮೊದಲು ನನ್ನನ್ನು ಕರೆಯುತ್ತಾರೆ. ನಾನು ಹೋಗುತ್ತೇನೆ. ಕರೆಯದಿದ್ದರೂ ಹೋಗುತ್ತೇನೆ.

ಓದುಗರಿಗೂ ಉಪಯೋಗಕ್ಕೆ ಬರಲಿ ಎಂದು ಈ ವಿದ್ಯೆಯ ಗುಟ್ಟನ್ನು ಇಲ್ಲಿ ಬಿಟ್ಟುಕೊಡುತ್ತಿದ್ದೇನೆ. ಚೌಕಾಶಿಯ ಪ್ರಾಣ ಇರುವುದು ಎದ್ದು ಹೋಗುವುದರಲ್ಲಿ. ಅಂಗಡಿಯವನು ಬೆಲೆ ಹೇಳುತ್ತಾನೆ. ನೀವು ಅರ್ಧ ಹೇಳುತ್ತೀರಿ. ಅವನು ನಗುತ್ತಾನೆ. ಆಗ ಒಂದು ಮಾತೂ ಆಡದೆ ವಸ್ತುವನ್ನು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಹಿಂತಿರುಗಿ ನೋಡದೆ ಹೊರಟುಬಿಡಬೇಕು. ಹಿಂತಿರುಗಿ ನೋಡಿದಿರೋ, ಕೆಟ್ಟಿರಿ! ಪಕ್ಕದ ಅಂಗಡಿಯ ಬೋರ್ಡು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಬರುತ್ತದೆ: "ಬನ್ನಿ ಸಾರ್, ಬನ್ನಿ, ಏನೋ ಒಂದು ಕೊಡಿ." ಆ ಕೂಗು ಕೇಳಿದಾಗ ನನಗಾಗುವ ಆನಂದ ಬೇರೆ ಯಾವುದರಲ್ಲೂ ಆಗಿಲ್ಲ. ನನ್ನ ಮದುವೆಯಲ್ಲೂ ಆಗಿಲ್ಲ ಎಂದು ಒಮ್ಮೆ ಹೇಳಿ ಹೆಂಡತಿ ಶಾರದಾಳಿಂದ ಬೈಸಿಕೊಂಡಿದ್ದೇನೆ.

ಇಂಥ ವಿದ್ಯೆಗೆ ನಾಲಿಗೆ ಚುರುಕಾಗಿದ್ದರೆ ಸಾಕು ಎಂದು ನಾನು ತಿಳಿದಿದ್ದೆ. ಕಾಲೂ ಬೇಕು ಎನ್ನುವುದು ಮಗಳ ಮದುವೆ ಗೊತ್ತಾದ ಮೇಲೆ ತಿಳಿಯಿತು.

ಮಗಳು ಚೈತ್ರಾಳಿಗೆ ಗೊತ್ತಾದ ಹುಡುಗನ ಮನೆಯವರು ಗದಗಿನ ಕಡೆಯವರು. ಹುಡುಗನ ತಂದೆ ಬಸವರಾಜಪ್ಪನವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ ಅಲ್ಲೇ ನೆಲೆ ನಿಂತವರು. ಒಳ್ಳೆಯ ಜನ. ಎರಡೂ ಮನೆಯವರು ಒಟ್ಟಿಗೆ ಹೋಗಿ ಜವಳಿ ತೆಗೆಯುವುದು ಎಂದು ಒಂದು ಭಾನುವಾರ ನಿಶ್ಚಯವಾಯಿತು. ನಾನು ಸುಮ್ಮನಿರಬೇಕಿತ್ತು. ಫೋನಿನಲ್ಲಿ ಎದೆ ತಟ್ಟಿಕೊಂಡು, ಬೆಲೆ ಮಾತಾಡುವ ಕೆಲಸ ಪೂರ್ತಿ ನನಗೆ ಬಿಡಿ, ಅಂಗಡಿಯವನು ಹೇಳಿದ್ದರ ಅರ್ಧಕ್ಕೆ ಕೊಡಿಸದಿದ್ದರೆ ಆಮೇಲೆ ಕೇಳಿ ಎಂದುಬಿಟ್ಟೆ. ಬೀಗರ ಎದುರು ನನ್ನ ವಿದ್ಯೆಯ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ವೇದಿಕೆ ಎಲ್ಲಿ ಸಿಗಬೇಕು! ಅವರು ಆ ಕಡೆಯಿಂದ, "ಆತ್ರಿ ಬೀಗ್ರ, ಎಲ್ಲಾ ನಿಮ್ಮ ಕೈಯಾಗ ಐತಿ," ಎಂದರು.

ಎಲ್ಲಾ ನನ್ನ ಕೈಯಲ್ಲೇ ಇತ್ತು. ಕಾಲು ಮಾತ್ರ ಕೈ ಕೊಟ್ಟಿತು. ಅದೇ ವಾರ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಲಗಾಲು ಊರಿದರೆ, ಹಿಮ್ಮಡಿಗೆ ಯಾರೋ ಮೊಳೆ ಹೊಡೆದ ಹಾಗಾಯಿತು! ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ. ಮಧ್ಯಾಹ್ನಕ್ಕೆ ಕಡಿಮೆಯಾಯಿತು. ಮರುದಿನ ಮತ್ತೆ ಮೊಳೆ.

ಕೊಡಿಗೇಹಳ್ಳಿ ಕಡೆಯ ಡಾಕ್ಟರಮ್ಮ ನನ್ನ ಕಾಲನ್ನು ನೋಡುವ ಮೊದಲು ಚಪ್ಪಲಿಯನ್ನು ನೋಡಿದರು. ಹಪ್ಪಳದಷ್ಟು ತೆಳ್ಳಗೆ ಸವೆದಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ, ಇದನ್ನು ಇನ್ನು ಹಾಕಬೇಡಿ ಎಂದರು. ಚಪ್ಪಲಿಗೆ ಒಂದು ತುಂಡು ಸ್ಪಂಜು ಅಂಟಿಸಿಕೊಂಡರೆ ಆಗುವುದಿಲ್ಲವೇ ಎಂದು ನಾನು ಅಲ್ಲೂ ಚೌಕಾಶಿ ಮಾಡಿ ನೋಡಿದೆ. ಡಾಕ್ಟರಮ್ಮ ಇಳಿಯಲಿಲ್ಲ. ಪಾದಕ್ಕೆ ಆಧಾರ ಕೊಡುವ ಶೂ ಬೇಕು. ಹಿಮ್ಮಡಿಯ ಕಡೆ ಗಟ್ಟಿ ಇರಬೇಕು, ಒತ್ತಿದರೆ ಕುಸಿಯಬಾರದು. ಬೆರಳುಗಳ ಹತ್ತಿರ ಮಾತ್ರ ಬಗ್ಗಬೇಕು, ನಡುವೆ ಮಡಚಬಾರದು. ಬಟ್ಟೆ ಹಿಂಡಿದ ಹಾಗೆ ಹಿಂಡಿದರೆ ತಿರುಚಿಕೊಳ್ಳಬಾರದು ಎಂದೆಲ್ಲ ವಿವರಿಸಿದರು. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕಂತೆ. ಕೊನೆಗೆ ಬಾಗಿಲವರೆಗೆ ಹೋದವನನ್ನು ಮತ್ತೆ ಕರೆದು ಹೇಳಿದರು:

"ಸಂಜೆ ಹೊತ್ತು ಹೋಗಿ ತಗೊಳ್ಳಿ. ದಿನವೆಲ್ಲಾ ಓಡಾಡಿ ಕಾಲು ಸ್ವಲ್ಪ ಊದಿರುತ್ತೆ. ಎರಡೂ ಕಾಲಿಗೆ ಹಾಕಿ ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ದೊಡ್ಡದಿರುತ್ತೆ."

ಎಲ್ಲವನ್ನೂ ಒಪ್ಪಿದೆ. ಈ ಸಂಜೆಯ ಮಾತೊಂದನ್ನು ಮಾತ್ರ ಮನಸ್ಸಿನಲ್ಲೇ ತಳ್ಳಿಹಾಕಿದೆ. ಡಾಕ್ಟರಿಗೆ ಔಷಧಿ ಗೊತ್ತು, ಬೋಣಿ ಗೊತ್ತೇ? ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನದ ವ್ಯಾಪಾರ ಕೆಟ್ಟ ಹಾಗೆ ಎಂದು ನಂಬದ ಅಂಗಡಿಯವನು ಇಡೀ ಬೆಂಗಳೂರಿನಲ್ಲಿಲ್ಲ. ಹಾಗಾಗಿ ಬೋಣಿಗೆ ಸಿಗುವ ಬೆಲೆ ಇಡೀ ದಿನದಲ್ಲಿ ಮತ್ತೆ ಸಿಗುವುದಿಲ್ಲ. ನನ್ನ ಅಂಗಡಿಯಲ್ಲಿ ಬೋಣಿಗೆ ಬಂದವರಿಗೆ ನಾನೇ ಹಲ್ಲು ಕಚ್ಚಿಕೊಂಡು ಕೊಟ್ಟಿದ್ದೇನೆ. ಇಂಥದ್ದನ್ನು ಬಿಟ್ಟು ಸಂಜೆ ಹೋಗಿ, ತುಂಬಿದ ಗಲ್ಲಾದ ಮುಂದೆ ನಿಂತು ಚೌಕಾಶಿ ಮಾಡು ಎಂದರೆ!

ಮರುದಿನ ಬೆಳಿಗ್ಗೆ ಆರ್.ಟಿ. ನಗರದ ಒಂದು ಶೂ ಅಂಗಡಿಯ ಮುಂದೆ ಹಾಜರಾದೆ. ಶಟರ್ ಇನ್ನೂ ಸೊಂಟದವರೆಗೆ ಮಾತ್ರ ಎದ್ದಿತ್ತು. ಬಗ್ಗಿ ಒಳಗೆ ನುಗ್ಗಿದೆ. ಮಾಲೀಕ ಊದುಬತ್ತಿ ಹಚ್ಚುತ್ತಿದ್ದ. ನನ್ನನ್ನು ಕಂಡು ಊದುಬತ್ತಿಯಲ್ಲೇ ನಮಸ್ಕಾರ ಮಾಡಿದ. ಮೊದಲ ಹೆಜ್ಜೆಯಲ್ಲೇ ಗೆಲುವು!

ಶೂ ಆರಿಸುವುದರಲ್ಲಿ ನಾನು ತಪ್ಪು ಮಾಡಲಿಲ್ಲ ಎಂಬುದು ದಾಖಲಾಗಬೇಕು. ಒಂದೊಂದನ್ನೂ ಒತ್ತಿದೆ, ಮಡಚಿದೆ, ಹಿಂಡಿದೆ. ಹಿಂಡಿದರೆ ಹಿಂಡಿಸಿಕೊಳ್ಳುವ ಶೂಗಳನ್ನೆಲ್ಲ ಪಕ್ಕಕ್ಕೆ ಎಸೆದೆ. "ಸಾರ್, ಅದು ಕಬ್ಬಲ್ಲ," ಎಂದ ಮಾಲೀಕ. ಕೊನೆಗೆ ಒಂದು ಕಪ್ಪು ಶೂ ಸಿಕ್ಕಿತು. ಎಂಥ ಶೂ ಅದು! ಹಿಮ್ಮಡಿ ಕಲ್ಲಿನ ಹಾಗೆ ಗಟ್ಟಿ, ಮುಂದೆ ಬೇಕಾದಷ್ಟೇ ಬಾಗು, ಒಳಗೆ ಪಾದದ ಕಮಾನಿಗೆ ಒರಗಿಕೊಳ್ಳಲು ಉಬ್ಬು. ಏಳನೇ ನಂಬರನ್ನು ಬಲಗಾಲಿಗೆ ಹಾಕಿ ಎದ್ದು ನಿಂತೆ. ಹಿಮ್ಮಡಿಯ ಮೊಳೆ ಮಾಯವಾಯಿತು! ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಖುಷಿ ಮುಖದಲ್ಲಿ ಕಂಡರೆ ಬೆಲೆ ಏರುತ್ತದಲ್ಲ? ಆದ್ದರಿಂದ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡೆ.

ಎಡಗಾಲಿಗೂ ಹಾಕಿ ನೋಡಿ ಎಂದ ಮಾಲೀಕ. ನಾನು ಹಾಕಲಿಲ್ಲ. ಇದೂ ಗುಟ್ಟಿನ ವಿಷಯವೇ: ಒಂದು ಕಾಲಿಗೆ ಹಾಕಿಕೊಂಡವನು ಯಾವಾಗ ಬೇಕಾದರೂ ಬಿಟ್ಟು ಹೋಗಬಲ್ಲ ಗಿರಾಕಿ, ಎರಡೂ ಕಾಲಿಗೆ ಹಾಕಿಕೊಂಡು ನಿಂತವನು ಆಗಲೇ ಕೊಂಡಾಯಿತು ಎಂದು ಅಂಗಡಿಯವನಿಗೆ ಗೊತ್ತಾಗಿಬಿಡುತ್ತದೆ. ಎರಡೂ ಕಾಲಿಗೆ ಹಾಕಿಕೊಂಡವನಿಗೆ ಬೆಲೆ ಇಳಿಸಿದ ಉದಾಹರಣೆ ನನ್ನ ಅನುಭವದಲ್ಲಿಲ್ಲ.

ಆಮೇಲೆ ಯುದ್ಧ. ಅವನು ಹೇಳಿದ, ನಾನು ಅರ್ಧ ಹೇಳಿದೆ, ಅವನು ನಕ್ಕ. ಶೂ ಬಿಚ್ಚಿಟ್ಟು ಚಪ್ಪಲಿ ಮೆಟ್ಟಿ, ಕುಂಟುತ್ತಾ ಶಟರಿನ ಕಡೆ ನಡೆದು ಬಗ್ಗತೊಡಗಿದೆ. ಇನ್ನೂ ಪೂರ್ತಿ ಬಗ್ಗಿರಲಿಲ್ಲ, ಬಂತು ಕೂಗು!

"ಬನ್ನಿ ಸಾರ್, ಬೋಣಿ ಟೈಮು, ಹೋಗ್ಬೇಡಿ. ಎಂಟನೇ ನಂಬರ್ ಆದ್ರೆ ನಿಮ್ಮ ಬೆಲೆಗೆ ಆಗಲ್ಲ. ಏಳು ಒಂದೇ ಜೊತೆ ಉಳಿದಿರೋದು, ಅದನ್ನ ತಗೊಂಡ್ಹೋಗಿ. ನಿಮಗೆ ಎಂಟೇ ಸರಿ ಅಂತ ನನ್ನ ಮನಸ್ಸು ಹೇಳುತ್ತೆ, ಆಮೇಲೆ ನಿಮ್ಮಿಷ್ಟ."

ಅವನ ಮನಸ್ಸು ಏನು ಹೇಳಿದರೆ ನನಗೇನು? ಏಳನ್ನೇ ಎತ್ತಿಕೊಂಡು ಬಂದೆ. ಎಷ್ಟಕ್ಕೆ ಎಂದು ಇಲ್ಲಿ ಹೇಳುವುದಿಲ್ಲ, ನಿಮಗೆ ಹೊಟ್ಟೆಕಿಚ್ಚಾಗುತ್ತದೆ.

ಮನೆಯ ಕಾಂಪೌಂಡ್ ಗೋಡೆಯ ಮೇಲೆ ಶೂಗಳನ್ನು ಪ್ರದರ್ಶನಕ್ಕಿಟ್ಟೆ. ಶಾರದಾ ಕೇಳಿದ್ದು ಒಂದೇ: "ಡಾಕ್ಟರು ಸಂಜೆ ಅಂದಿದ್ರಲ್ಲಾ, ಇನ್ನೂ ತಿಂಡಿನೇ ಆಗಿಲ್ಲ?" ಬೋಣಿಯ ಮಹತ್ವ ವಿವರಿಸಿದೆ. ಹಾಗಾದರೆ ಸಂಜೆ ಒಂದು ಸಲ ಹಾಕಿಕೊಂಡು ಓಡಾಡಿ ನೋಡಿ ಎಂದಳು. ಓಡಾಡುವುದು ಎಲ್ಲಿ? ನಮ್ಮ ಮನೆಯ ಹೊಸ್ತಿಲೊಳಗೆ ಪಾದರಕ್ಷೆ ಬರಕೂಡದೆಂಬ ಕಾನೂನು ಅವಳದೇ. ಬೀದಿಯಲ್ಲಿ ಓಡಾಡಿದರೆ ಬೀಗರು ನೋಡುವ ಮೊದಲೇ ಶೂ ಹಳೆಯದಾಗುತ್ತದೆ. ಎದುರು ಮನೆಯ ರೆಹಮತ್ ಸಾಹೇಬರು, ದಿನಾ ಜಕ್ಕೂರು ಕೆರೆ ಸುತ್ತುವವರು, ಗೋಡೆಯ ಮೇಲಿನ ಶೂ ಮುಟ್ಟಿ ನೋಡಿ, "ಮಾಲು ಒಳ್ಳೇದೇ ಸಾಹುಕಾರ್ರೆ. ಜವಳಿಗೆ ಮುಂಚೆ ನನ್ನ ಜೊತೆ ಒಂದು ರೌಂಡು ಬನ್ನಿ, ಎಲ್ಲಿ ಕಚ್ಚುತ್ತೆ ಗೊತ್ತಾಗುತ್ತೆ," ಎಂದರು. ಕಚ್ಚಲಿಕ್ಕೆ ಇದೇನು ನಾಯಿಯೇ ಎಂದು ನಕ್ಕು ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಭಾನುವಾರ ಬಂತು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು, ಗೇಟಿನ ಹೊರಗೆ ಕುರ್ಚಿ ಹಾಕಿಸಿ, ಮೊದಲ ಬಾರಿಗೆ ಎರಡೂ ಶೂ ಧರಿಸಿದೆ. ಎಡಗಾಲಿಗೆ ಸ್ವಲ್ಪ ಬಿಗಿ ಎನಿಸಿತು. ಹೊಸದಲ್ಲವೇ, ಬಿಡುತ್ತದೆ. ಹಿಮ್ಮಡಿಯಂತೂ ಇದೆಯೋ ಇಲ್ಲವೋ ಎನ್ನುವಷ್ಟು ಹಾಯಿ! ಯಲಹಂಕದ ಹಳೇ ಪೇಟೆಯಲ್ಲಿ ಬೀಗರನ್ನು ಕೂಡಿಕೊಂಡ ಮೇಲೆ ನಾನು ನಡೆದ ರಭಸ ನೋಡಬೇಕಿತ್ತು. ಹೆಂಗಸರು ಹಿಂದೆ ಬಿದ್ದರು, ಬಸವರಾಜಪ್ಪನವರು ಏದುಸಿರು ಬಿಟ್ಟರು. ಬಳೆಯ ಅಂಗಡಿಯಲ್ಲಿ ಎದ್ದು ಹೋದೆ, ಕರೆದರು. ಪಂಚೆಯ ಅಂಗಡಿಯಲ್ಲಿ ಎದ್ದು ಹೋದೆ, ಅಂಗಡಿಯವನು ಬೀದಿಗೇ ಓಡಿ ಬಂದ! ಬಸವರಾಜಪ್ಪನವರು ಬೆರಗಾಗಿ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ನಾನು ಕೇಳಿಸದವನಂತೆ ಇನ್ನಷ್ಟು ಎದೆ ಸೆಟೆಸಿದೆ.

ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಎಡಗಾಲಿನ ಕಿರುಬೆರಳು ತಾನೂ ಒಂದು ಅಂಗ ಎಂದು ಮೊದಲ ಬಾರಿ ನೆನಪಿಸಿತು. ಪಾಯಸ ಬರುವ ಹೊತ್ತಿಗೆ ಮಿಕ್ಕ ಬೆರಳುಗಳೂ ಅದಕ್ಕೆ ದನಿಗೂಡಿಸಿದವು. ಆಮೇಲೆ ಇನ್ನೆರಡು ಅಂಗಡಿ. ಬಿಸಿಲು ಬೇರೆ. ಕೊನೆಯದಾಗಿ ರೇಷ್ಮೆ ಸೀರೆ ಅಂಗಡಿ ತಲುಪಿದಾಗ ನನ್ನ ಪಾದಗಳು ಶೂಗಳೊಳಗೆ ಉಬ್ಬಿದ ಇಡ್ಲಿಗಳ ಹಾಗೆ ನಾಲ್ಕೂ ಕಡೆಯಿಂದ ಒತ್ತುತ್ತಿದ್ದವು.

ಹಳೆಯ ಪದ್ಧತಿಯ ಅಂಗಡಿ. ಪಾದರಕ್ಷೆ ಬಾಗಿಲಲ್ಲೇ ಬಿಟ್ಟು, ಒಳಗೆ ಬಿಳಿ ಹಾಸಿಗೆಯ ಮೇಲೆ ಕೂರಬೇಕು. ಶೂ ಬಿಚ್ಚಿದಾಗ ಸಿಕ್ಕ ಸುಖವನ್ನು ಏನೆಂದು ಹೇಳಲಿ! ಬೆರಳುಗಳು ಒಂದೊಂದಾಗಿ ಅರಳಿದವು. ಆ ಸುಖದಲ್ಲಿ ಅವು ಅರಳುತ್ತಲೇ ಇವೆ ಎಂಬುದನ್ನು ನಾನು ಗಮನಿಸಲಿಲ್ಲ.

ಸೀರೆಯ ಮೇಲೆ ಸೀರೆ ಬಿಚ್ಚಿ ಹರಡಿದರು. ಚೈತ್ರಾಳಿಗೆ ಒಂದು, ಬೀಗಿತ್ತಿಯವರಿಗೆ ಒಂದು, ಮಿಕ್ಕ ಹೆಂಗಸರಿಗೆ ಕೆಲವು ಎಂದು ಆಯ್ಕೆ ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಎಲ್ಲರ ಕಣ್ಣೂ ನನ್ನ ಮೇಲೆ. ಶಾರದಾ ಮಾತ್ರ, ಬೀಗಿತ್ತಿಯ ಸೀರೆಯನ್ನು ಅವರ ಎದುರಿಗೇ ಜಗ್ಗಾಡಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ನಾನು ಗಂಟಲು ಸರಿಮಾಡಿಕೊಂಡೆ. ಅಂಗಡಿಯ ಮಾಲೀಕರು ಕನ್ನಡಕದ ವಯಸ್ಸಾದವರು, ಬಲು ಶಾಂತ ಸ್ವಭಾವದವರು. ಒಟ್ಟು ಬೆಲೆ ಹೇಳಿದರು. ನಾನು ಅರ್ಧ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಇದು ಹೊಸ ಪಟ್ಟು! ನನಗೆ ಹುರುಪು ಉಕ್ಕಿತು. ಬೀಗರು ಜೀವಮಾನದಲ್ಲಿ ಮರೆಯದಂಥ ನಿರ್ಗಮನ ತೋರಿಸಿಯೇ ಬಿಡುತ್ತೇನೆ ಎಂದು ಧಡಾರನೆ ಎದ್ದೆ.

"ಆಯ್ತು ಬಿಡಿ. ನಮಗೂ ನಿಮಗೂ ಸರಿ ಹೋಗಲ್ಲ. ಏಳ್ರೀ ಎಲ್ಲಾ," ಎಂದು ಹೇಳಿ, ಹಿಂತಿರುಗಿ ನೋಡದೆ ಬಾಗಿಲಿಗೆ ನಡೆದೆ.

ಬಲಗಾಲನ್ನು ಶೂ ಒಳಗೆ ತೂರಿಸಿದೆ. ಅರ್ಧ ಹೋಯಿತು. ತುಳಿದೆ. ಹೋಗಲಿಲ್ಲ. ಕುಂಟುತ್ತಾ ಕುಣಿದೆ. ಅಂತೂ ಹೋಯಿತು. ಎಡಗಾಲು ತೂರಿಸಿದೆ. ಬೆರಳುಗಳು ಶೂವಿನ ಬಾಯಿಯವರೆಗೆ ಹೋಗಿ ವಾಪಸು ಬಂದವು. ಮತ್ತೆ ತೂರಿಸಿದೆ. ಚಪ್ಪಲಿಯ ಕಾಲದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾನು ಪಕ್ಕದ ಬೀದಿಯಲ್ಲಿರುತ್ತಿದ್ದೆ! ಡಾಕ್ಟರಮ್ಮ ಹೊಗಳಿದ ಆ ಗಟ್ಟಿ ಹಿಮ್ಮಡಿ ಈಗ ಕೋಟೆಯ ಗೋಡೆಯಂತೆ ನಿಂತಿತ್ತು. ಒತ್ತಿದರೆ ಕುಸಿಯಬಾರದು ಎಂದಿದ್ದರು. ಕುಸಿಯಲಿಲ್ಲ.

ಮಾಲೀಕರು ಎದ್ದು ಬಂದರು. ಕರೆಯಲಿಕ್ಕಿರಬೇಕು ಎಂದುಕೊಂಡೆ. ಅವರು ಒಂದು ಸ್ಟೂಲ್ ತಂದು ಹಾಕಿದರು. "ನಿಧಾನ ಸಾರ್. ಕೂತ್ಕೊಂಡು ಹಾಕ್ಕೊಳ್ಳಿ."

ಕೂತುಕೊಂಡು ಕೋಪ ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಮುಖ ಗಂಟಿಕ್ಕಿಕೊಂಡೇ ಕೂತೆ. ಮಾಲೀಕರು ತಮ್ಮ ಊಟದ ಡಬ್ಬಿಯಿಂದ ಚಮಚ ತಂದುಕೊಟ್ಟು, ಹಿಂದೆ ತೂರಿಸಿ ಜಾರಿಸಿ ನೋಡಿ ಎಂದರು. ತೂರಿಸಿದೆ. ಚಮಚ ಬಾಗಿತು. ಸ್ಟೀಲ್ ತೆಳು, ಇದನ್ನು ಕೊಟ್ಟವನು ನಿಮಗೆ ಮೋಸ ಮಾಡಿದ್ದಾನೆ ಎಂದು ವೃತ್ತಿಧರ್ಮಕ್ಕೆ ತಕ್ಕಂತೆ ಹೇಳಿದೆ. ಅವರು ಬಾಗಿದ ಚಮಚವನ್ನು ವಿನಯದಿಂದ ವಾಪಸು ತೆಗೆದುಕೊಂಡರು.

ಅಷ್ಟರಲ್ಲಿ ಬಸವರಾಜಪ್ಪನವರು ಹಾಸಿಗೆಯಿಂದೆದ್ದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಕಾಲ ಮುಂದ ದಬ್ರಿ ಬೀಗ್ರ, ನಾ ಹಿಂದ ಹಿಡೀತೀನಿ," ಎಂದು ಶೂವನ್ನೂ ಪಾದವನ್ನೂ ಎರಡೂ ಕೈಯಲ್ಲಿ ಹಿಡಿದು ಜಗ್ಗತೊಡಗಿದರು. ಧಾರೆಯ ದಿನ ಅಳಿಯನ ಕಾಲು ತೊಳೆಯಬೇಕಾದವನು ನಾನು. ಇಲ್ಲಿ ಅಳಿಯನ ತಂದೆ ನನ್ನ ಕಾಲು ಹಿಡಿದು ಕೂತಿದ್ದಾರೆ! ಶಾರದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ, ಇವತ್ತಿಗೂ ಹೇಳಿಲ್ಲ. ಚೈತ್ರಾ ಗೋಡೆಯ ಕಡೆ ತಿರುಗಿ ಕೂತಳು. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು.

"ಹಿಡೀವಲ್ದು ಬಿಡ್ರಿ," ಎಂದು ಬಸವರಾಜಪ್ಪನವರು ಕೈ ಬಿಟ್ಟರು. ಬಲಗಾಲಿನದನ್ನೂ ಅವರೇ ಬಿಚ್ಚಿದರು. ಆಗ ಅಂಗಡಿಯ ಮಾಲೀಕರು ತಮ್ಮ ಸ್ವಂತ ಚಪ್ಪಲಿಯನ್ನು ತಂದು ನನ್ನ ಪಾದದ ಬಳಿ ಜೋಡಿಸಿಟ್ಟರು.

"ಇದನ್ನ ಹಾಕ್ಕೊಂಡು ಹೋಗಿ ಸಾರ್. ಈ ಕಡೆ ಬಂದಾಗ ಕೊಟ್ರಾಯ್ತು."

ಹಾಕಿಕೊಂಡೆ. ಬೆಣ್ಣೆಯ ಮೇಲೆ ಕಾಲಿಟ್ಟ ಹಾಗಿತ್ತು. ಮೆಟ್ಟಿಲಿಳಿದೆ. ಬೀದಿಗೂ ಬಂದೆ. ಅಲ್ಲಿ ನಿಂತುಬಿಟ್ಟೆ. ಒಬ್ಬ ಮನುಷ್ಯನ ಚಪ್ಪಲಿ ಹಾಕಿಕೊಂಡು ಅದೇ ಮನುಷ್ಯನ ಅಂಗಡಿಯಿಂದ ಮುನಿಸಿಕೊಂಡು ಹೊರಡುವುದು ಹೇಗೆ? ಮೂವತ್ತು ವರ್ಷದ ನನ್ನ ಅನುಭವದಲ್ಲಿ ಇದಕ್ಕೆ ದಾರಿಯಿರಲಿಲ್ಲ. ಹಿಂದಿನಿಂದ ಕೂಗು ಬರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನೇ ಹಿಂತಿರುಗಿ ನೋಡಿದೆ. ಮಾಲೀಕರು ಬರಿಗಾಲಲ್ಲಿ ಬಾಗಿಲಲ್ಲಿ ನಿಂತು, ನನ್ನ ಕಾಲಿಗೆ ಸರಿ ಹೋಯಿತೇ ಎಂದು ಕಳಕಳಿಯಿಂದ ನೋಡುತ್ತಿದ್ದರು.

ಒಳಗೆ ಬಂದೆ. ಚಪ್ಪಲಿ ಬಿಟ್ಟೆ. ಕೂತೆ. ಕಾಫಿ ತರಿಸಿದರು, ಕುಡಿದೆ. ಅವರು ಹೇಳಿದ ಬೆಲೆಯನ್ನೇ ಕೊಟ್ಟೆ! ಬೀಗಿತ್ತಿಯವರಿಗೆ ಸೀರೆ ಬಹಳ ಒಪ್ಪಿತ್ತಂತೆ. ಅಲ್ಲಿಗೆ ನನ್ನ ಪ್ರದರ್ಶನ ಮುಗಿಯಿತು.

ಆ ಶೂ ಏನಾಯಿತು ಎಂದು ನೀವು ಕೇಳುತ್ತೀರಿ. ಬಸವರಾಜಪ್ಪನವರು ಅದನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ, ಮಾಲು ಭಾರಿ ಐತಿ ಎಂದು ತಮ್ಮ ಕಾಲಿಗೆ ಹಾಕಿ ನೋಡಿದರು. ಎರಡೂ ಕಾಲಿಗೆ! ಅದೂ ಸಂಜೆ! ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಯಿತು. ಮಿಕ್ಕ ಮಾನವನ್ನಾದರೂ ಉಳಿಸಿಕೊಳ್ಳೋಣವೆಂದು, ನಿಮಗೇ ಇರಲಿ ಎಂದುಬಿಟ್ಟೆ. ಅವರು ಬೇಡ ಬೇಡ ಎನ್ನುತ್ತಲೇ ಲೇಸು ಕಟ್ಟಿಕೊಂಡರು. ನಾನು ಸೀರೆ ಅಂಗಡಿಯ ಚಪ್ಪಲಿಯಲ್ಲಿ ಮನೆಗೆ ಬಂದೆ.

ಎರಡು ದಿನ ಬಿಟ್ಟು, ಸಂಜೆ, ಶಾರದಾಳ ಜೊತೆ ಆರ್.ಟಿ. ನಗರಕ್ಕೆ ಹೋದೆ. ಎಂಟನೇ ನಂಬರು. ಎರಡೂ ಕಾಲಿಗೆ ಹಾಕಿ, ನಿಂತು, ನಡೆದು ನೋಡಿದೆ. ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗವೂ ಸರಿಯಾಗಿತ್ತು. ಮಾಲೀಕ ನನ್ನನ್ನು ಗುರುತಿಸಿದ, ಬೆಲೆ ಇಳಿಸಲಿಲ್ಲ. ನಾನು ಎದ್ದು ಹೋಗಲೂ ಇಲ್ಲ. ಶಾರದಾ ನನ್ನ ಹಳೇ ಚಪ್ಪಲಿಯನ್ನು ಆಗಲೇ ಕಸದ ಬುಟ್ಟಿಗೆ ಹಾಕಿದ್ದಳು.

ಮದುವೆಯ ಆರತಕ್ಷತೆಯ ದಿನ ಬಸವರಾಜಪ್ಪನವರು ಅದೇ ಕಪ್ಪು ಶೂ ಮಿಂಚಿಸಿಕೊಂಡು, ತಮ್ಮ ಕಡೆಯ ನೆಂಟರನ್ನು ಒಬ್ಬೊಬ್ಬರನ್ನಾಗಿ ನನ್ನ ಬಳಿ ಕರೆತರುತ್ತಿದ್ದರು. ನೋಡಿ, ಎಂಥ ದುಬಾರಿ ಶೂ ಕೊಡಿಸಿದ್ದಾರೆ ನಮ್ಮ ಬೀಗರು. ಪಾಪ, ಬಳೆ ಪಂಚೆ ಬಿಟ್ಟರೆ ಇವರಿಗೆ ಬೆಲೆ ಮಾತಾಡುವುದಕ್ಕೇ ಬರುವುದಿಲ್ಲ, ಸೀರೆ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ಕಾಫಿ ಕುಡಿದು ಬಂದರು ಎಂದು ಎಲ್ಲರಿಗೂ ಹೇಳಿದರು. ಒಬ್ಬರಿಗೆ ಹೇಳಿದಾಗ ಸಹಿಸಿದೆ. ಹತ್ತು ಜನಕ್ಕೆ ಹೇಳಿದಾಗ ಆ ಬೋಣಿ ಬೆಲೆ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಉಡುಗೊರೆಯ ಬೆಲೆ ಬಾಯಿಬಿಡಬಾರದು ಎಂದು ಶಾರದಾ ಮೊದಲೇ ಎಚ್ಚರಿಸಿದ್ದಳು. ನಾನು ಬಾಯಿ ತೆರೆಯುವುದನ್ನು ಕಂಡು ಪಕ್ಕದಿಂದ ನನ್ನ ಶೂ ತುದಿಯನ್ನು ಬಲವಾಗಿ ತುಳಿದಳಂತೆ. ಡಾಕ್ಟರಮ್ಮ ಹೇಳಿದ ಆ ಹೆಬ್ಬೆರಳಗಲದ ಖಾಲಿ ಜಾಗದ ಮೇಲೆ ಬಿತ್ತು ಅವಳ ಕಾಲು. ನನಗೆ ಏನೂ ತಿಳಿಯಲಿಲ್ಲ!

ಬೆಲೆ ಹೇಳಿಬಿಟ್ಟೆ. ಬೋಣಿ, ಶಟರು, ಕೊನೆಯ ಜೊತೆ, ಎಲ್ಲಾ ಹೇಳಿದೆ.

ನೆಂಟರು ಬಸವರಾಜಪ್ಪನವರ ಮುಖ ನೋಡಿದರು. ಅವರು ನನ್ನ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ನೋಡ್ರಿ, ಕೊಟ್ಟಿದ್ದನ್ನ ಹೆಂಗ ಸಣ್ಣದ ಮಾಡಿ ಹೇಳ್ತಾರ. ಆ ರೇಟಿಗೆ ಯಾರ್ ಕೊಡ್ತಾರ್ರಿ ಇಂಥಾ ಶೂ? ನಮಗ ಭಾರ ಆಗಬಾರ್ದು ಅಂತ ಸುಳ್ಳ ಹೇಳಾಕತ್ತಾರ."

ಎಲ್ಲರೂ ತಲೆದೂಗಿದರು. ನಾನು ಆಣೆ ಮಾಡಲು ಹೋದೆ. ಅಷ್ಟು ವಿನಯ ಬೇಡ ಎಂದರು. ನನ್ನ ಆಯುಷ್ಯದ ಅತಿ ದೊಡ್ಡ ಚೌಕಾಶಿ ನನ್ನ ಕಣ್ಣೆದುರೇ, ಬೇರೆಯವರ ಕಾಲಿನಲ್ಲಿ, ಊಟದ ಮನೆಯ ಕಡೆ ನಡೆದುಹೋಯಿತು.

ನಾನೂ ಹಿಂದೆ ಹೊರಟೆ. ಹಿಮ್ಮಡಿ ಮಾತ್ರ ಬಹಳ ಆರಾಮವಾಗಿತ್ತು.